ಗೇಜ್ ಎಲ್ಲಿ ನೆಟ್ಟಿದೆ?
ಟರ್ಬೈನಿನ ವೋಲ್ಟೇಜ್ ಕಾರ್ಡು ಮತ್ತು ಕೊನೆಯ ಹಳ್ಳಿಯ ಮೋಟರು

(ರಾಯಚೂರು ಜಿಲ್ಲೆಯ ಕಲ್ಮಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ಸೀಮೆಯಲ್ಲಿ ದತ್ತಿ ಉಪನ್ಯಾಸವೆಂದರೆ ಜನ ದಾಸರನ್ನೋ ಶರಣರನ್ನೋ ಕೇಳಲು ಬರುತ್ತಾರೆ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಎಲ್ಲ ಇಲ್ಲೇ ಸುತ್ತಮುತ್ತ. ಅಂಥ ಕಡೆ ನಿಂತು ಅಂಗೈ ಅಗಲದ ಒಂದು ಸರ್ಕ್ಯೂಟ್ ಕಾರ್ಡಿನ ಬಗ್ಗೆ ಮಾತಾಡಲು ಹೊರಟಿದ್ದೇನೆ. ಧೈರ್ಯ ನನ್ನದಲ್ಲ, ದತ್ತಿ ಇಟ್ಟ ಮನೆಯವರದು. "ನೀವು ಮಾಡಿದ ಕೆಲಸದ ಬಗ್ಗೆಯೇ ಹೇಳ್ರಿ, ಊರಿನ ಮಂದಿಗೆ ತಿಳೀಲಿ" ಅಂದರು. ನಾನು ಮಾಡಿದ್ದು ಉಷ್ಣ ವಿದ್ಯುತ್ ಸ್ಥಾವರಗಳ ನಿಯಂತ್ರಣ ಕೊಠಡಿಯ ಹಿಂಬದಿಯಲ್ಲಿ, ಪ್ಯಾನೆಲ್‌ಗಳ ಸಂದಿಯಲ್ಲಿ ಮಾಡುವ ಕೆಲಸ. ಅಲ್ಲಿನ ಮಾತನ್ನೇ ಆಡುತ್ತೇನೆ.

ಶಕ್ತಿನಗರ ನಿಮಗೆ ಹೊಸದಲ್ಲ. ಕೃಷ್ಣೆಯ ದಂಡೆಯಲ್ಲಿ, ದೇವಸೂಗೂರಿನ ಪಕ್ಕ, 1985ರಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಯಿತು. 210 ಮೆಗಾವಾಟಿನ ಏಳು, 250ರದ್ದು ಒಂದು, ಒಟ್ಟು 1,720 ಮೆಗಾವಾಟ್. ಎಂಟನೆಯದು ಬಂದದ್ದು 2010ರಲ್ಲಿ. ಆಮೇಲೆ ಯರಮರಸ್‌ನಲ್ಲಿ 800 ಮೆಗಾವಾಟಿನ ಎರಡು ಘಟಕ ಎದ್ದವು. ಕರ್ನಾಟಕ ವಿದ್ಯುತ್ ನಿಗಮ ಮತ್ತು ಬಿಎಚ್‌ಇಎಲ್ ಕೂಡಿ ಕಟ್ಟಿದ ಕಂಪನಿಯದು ಅದು. ಈ ಲೆಕ್ಕ ನಿಮಗೆ ಬಾಯಿಪಾಠ ಇರಬಹುದು. ಅದರ ಬೂದಿಯೂ ಪರಿಚಯವೇ. ಹೊರಗಿನಿಂದ ಕಾಣುವುದು ಚಿಮಣಿ, ಕೂಲಿಂಗ್ ಟವರು, ಕಲ್ಲಿದ್ದಲಿನ ವ್ಯಾಗನ್ನು. ಇಷ್ಟೆಲ್ಲವನ್ನೂ ಹದದಲ್ಲಿ ಇಡುವ ಸಾಮಾನು ಮಾತ್ರ ಬೀಗ ಹಾಕಿದ, ಎಸಿ ಇರುವ ಕೋಣೆಯೊಳಗೆ ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತದೆ. ಅದನ್ನು ನೋಡಿದವರು ಕಡಿಮೆ.

210 ಮೆಗಾವಾಟಿನ ಒಂದು ಯಂತ್ರವನ್ನು ತಗೊಳ್ಳಿ. ಹಬೆಯ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಜನರೇಟರು 15,750 ವೋಲ್ಟಿನಲ್ಲಿ ಕರೆಂಟ್ ಹುಟ್ಟಿಸುತ್ತದೆ. ಪೂರ್ತಿ ಲೋಡಿನಲ್ಲಿ ಒಂಬತ್ತು ಸಾವಿರ ಆಂಪಿಯರ್ ಹೊರಗೆ ಹೋಗುತ್ತದೆ. ಇದನ್ನು ಹಿಡಿದು ನಡೆಸಲು ಇರುವುದು ಎರಡೇ ದಾರಿ. ಹಬೆಯ ವಾಲ್ವನ್ನು ತೆರೆದು ಮುಚ್ಚಿದರೆ ವೇಗ ಮತ್ತು ಮೆಗಾವಾಟು ಬದಲಾಗುತ್ತದೆ. ತಿರುಗುವ ರೋಟರಿನೊಳಗಿನ ಸುರುಳಿಗೆ ಕೊಡುವ ಡಿಸಿ ಕರೆಂಟನ್ನು ಏರಿಸಿ ಇಳಿಸಿದರೆ ವೋಲ್ಟೇಜು ಬದಲಾಗುತ್ತದೆ. ಇದಕ್ಕೆ ಎಕ್ಸೈಟೇಶನ್ ಅನ್ನುತ್ತೇವೆ, ಅದೂ ಸಣ್ಣ ಕರೆಂಟಲ್ಲ, ಎರಡು ಸಾವಿರ ಆಂಪಿಯರಿಗೂ ಮೇಲೆ. ಮೊದಲನೆಯದನ್ನು ಗವರ್ನರ್ ನೋಡಿಕೊಳ್ಳುತ್ತದೆ, ಎರಡನೆಯದನ್ನು ಎವಿಆರ್, ಅಂದರೆ ತಾನಾಗಿಯೇ ವೋಲ್ಟೇಜ್ ಕಾಯುವ ರೆಗ್ಯುಲೇಟರ್.

ಈ ಎರಡೂ ಕುರುಡು. ಟರ್ಬೈನು ಎಷ್ಟು ಜೋರಾಗಿ ಓಡುತ್ತಿದೆ ಅನ್ನುವುದು ಗವರ್ನರಿಗೆ ತಾನಾಗಿ ತಿಳಿಯುವುದಿಲ್ಲ. ದಂಡಕ್ಕೆ 60 ಹಲ್ಲಿನ ಒಂದು ಚಕ್ರ ಕೂಡಿಸಿ, ಹಲ್ಲಿನಿಂದ ಕೂದಲೆಳೆ ದೂರದಲ್ಲಿ ಅಯಸ್ಕಾಂತದ ಒಂದು ಪಿಕಪ್ ಇಟ್ಟಿರುತ್ತಾರೆ. ಹಲ್ಲು ಹಾದಾಗೊಮ್ಮೆ ಒಂದು ಸಣ್ಣ ವೋಲ್ಟೇಜ್ ಮಿಡಿಯುತ್ತದೆ. 60 ಹಲ್ಲು ಯಾಕೆ? ನಿಮಿಷಕ್ಕೆ 3,000 ಸುತ್ತಾದರೆ ಸೆಕೆಂಡಿಗೆ 3,000 ಮಿಡಿತ ಬರುತ್ತದೆ, ಲೆಕ್ಕ ನೇರ. ಇಂಥ ಸರಳ ಜಾಣತನ ಕಂಡಾಗೆಲ್ಲ ನನಗೆ ಖುಷಿ. ವಾಲ್ವು ಎಷ್ಟು ತೆರೆದಿದೆ ಅನ್ನುವುದನ್ನೂ ವೋಲ್ಟೇಜಿನ ರೂಪದಲ್ಲೇ ವಾಪಸ್ ತರುತ್ತಾರೆ. ವಾಲ್ವಿನ ಕಡ್ಡಿಯ ಜೊತೆ ಸರಿಯುವ ಎಲ್‌ವಿಡಿಟಿ ಎಂಬ ಸುರುಳಿ ಅದಕ್ಕಿದೆ. ಹೀಗೆ ಯಂತ್ರದಿಂದ ಕಂಟ್ರೋಲರಿಗೆ ಹಿಂದಕ್ಕೆ ಬರುವ ವರದಿಯೇ ಫೀಡ್‌ಬ್ಯಾಕು.

ಇವತ್ತು ಹೇಳಬೇಕಾದದ್ದು ಎವಿಆರಿನ ಫೀಡ್‌ಬ್ಯಾಕ್ ಕಾರ್ಡಿನ ಕಥೆ. 15,750 ವೋಲ್ಟನ್ನು ಯಾವ ಕಾರ್ಡಿನ ಮೇಲೂ ತಂದು ಹಾಕಲಾಗುವುದಿಲ್ಲ. ಜನರೇಟರಿನ ಬಾಯಲ್ಲಿ ಪಿಟಿ ಇರುತ್ತದೆ, ಪೊಟೆನ್ಶಿಯಲ್ ಟ್ರಾನ್ಸ್‌ಫಾರ್ಮರು. ಅದು 15,750ನ್ನು 110 ವೋಲ್ಟಿಗೆ ಇಳಿಸಿ ಕೇಬಲಿನಲ್ಲಿ ಕೋಣೆಗೆ ಕಳಿಸುತ್ತದೆ. ಹೊರಗೆ ಒಂದು ಪರ್ಸೆಂಟ್ ಬಿದ್ದರೆ ಒಳಗೂ ಒಂದು ಪರ್ಸೆಂಟ್ ಬೀಳಬೇಕು. ನಂಬಿಕೆ ನಿಂತಿರುವುದು ಅಷ್ಟರ ಮೇಲೆ.

ಆ ಕಾರ್ಡನ್ನು ಕೈಯಲ್ಲಿ ಹಿಡಿದರೆ ಒಂದು ಅಂಚಿನಲ್ಲಿ ಮೂರೂ ಫೇಸಿನ ತಂತಿ ಕಚ್ಚುವ ಟರ್ಮಿನಲ್ ಕಾಣುತ್ತದೆ. ಅದರ ಬೆನ್ನಿಗೆ ಮಿಂಚು, ಸ್ವಿಚಿಂಗಿನ ಏಟು ತಡೆಯಲು ಬಿಲ್ಲೆಯಂಥ ನೀಲಿ ವೇರಿಸ್ಟರುಗಳು. ಆಮೇಲೆ ಒಂದರ ಹಿಂದೊಂದು ದೊಡ್ಡ ಬೆಲೆಯ ರೆಸಿಸ್ಟರುಗಳ ಸಾಲು, 110 ವೋಲ್ಟನ್ನು ನಾಲ್ಕಾರು ವೋಲ್ಟಿಗೆ ಕರಗಿಸುವುದು ಅವುಗಳ ಕೆಲಸ. ರೆಸಿಸ್ಟರನ್ನು ಹೀಗೆ ಸಾಲು ಹಾಕುವುದಕ್ಕೆ ಕಾರಣವಿದೆ. ಒಂದು ಕೆಟ್ಟು ಶಾರ್ಟ್ ಆದರೂ ಪೂರ್ತಿ ಏಟು ಒಳಗೆ ನುಗ್ಗಬಾರದು. ಮುಂದೆ ಆಂಪ್ಲಿಫೈಯರ್. ಕೆಲವು ಕಾರ್ಡುಗಳಲ್ಲಿ ಇಲ್ಲೊಂದು ಚಂದದ ಹೆಜ್ಜೆ ಇರುತ್ತದೆ. ವೋಲ್ಟೇಜನ್ನು ಹಾಗೇ ಮುಂದೆ ಕಳಿಸದೆ ಮಿಡಿತಗಳ ಸಾಲಾಗಿ ಬದಲಿಸುತ್ತಾರೆ. ವೋಲ್ಟೇಜು ಹೆಚ್ಚಾದರೆ ಮಿಡಿತ ಬಿರುಸು, ಕಡಿಮೆಯಾದರೆ ನಿಧಾನ. ಆ ಮಿಡಿತ ಬೆಳಕಾಗಿ ಆಪ್ಟೊಕಪ್ಲರನ್ನೋ ಫೈಬರನ್ನೋ ದಾಟಿ ಆಚೆಗೆ ಹೋಗುತ್ತದೆ. ಆಚೆ ಕಂಟ್ರೋಲ್ ಕಾರ್ಡು ಅದನ್ನು ಎಣಿಸುತ್ತದೆ. ಈಚೆಗೂ ಆಚೆಗೂ ತಾಮ್ರದ ಸಂಬಂಧವೇ ಇಲ್ಲ, ಹಾಗಾಗಿ ಈ ಕಡೆ ಏನು ಸಿಡಿದರೂ ಆ ಕಡೆಯ ಪ್ರೊಸೆಸರ್ ಉಳಿಯುತ್ತದೆ. ಮೂಲೆಯಲ್ಲಿ ಯಾವ ವೋಲ್ಟೇಜಿಗೆ ಹೊಂದಿಸಬೇಕೆಂದು ಹೇಳುವ ಜಂಪರುಗಳು ಇರುತ್ತವೆ, ಉಗುರಿನಲ್ಲಿ ಕಿತ್ತು ಬೇರೆ ಕಡ್ಡಿಗೆ ಹಾಕುವಷ್ಟು ಚಿಕ್ಕವು. ಹಳೆ ಕಾರ್ಡು ತೆಗೆದು ಹೊಸದು ಹಾಕುವವನು ಮೊದಲು ಆ ಜಂಪರುಗಳ ಫೋಟೊ ತೆಗೆದುಕೊಳ್ಳಬೇಕು. ಇದನ್ನು ಇಲ್ಲಿ ಬಂದಿರುವ ಐಟಿಐ ಹುಡುಗರಿಗಾಗಿಯೇ ಹೇಳುತ್ತಿದ್ದೇನೆ.

ಈಗ ಹೊಲದ ಕಡೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಜ್ ಗಲಾಟೆ ಯಾರಿಗೆ ಗೊತ್ತಿಲ್ಲ? ಮೇಲಿನ ಗೇಟಿನಲ್ಲಿ ಎಷ್ಟು ಬಿಟ್ಟರು ಅನ್ನುವುದಕ್ಕಿಂತ 104ನೇ ಮೈಲಿನ ಗೇಜಿನಲ್ಲಿ ಎಷ್ಟು ಅಡಿ ನಿಂತಿದೆ ಎಂದು ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ಕೇಳುತ್ತಾರೆ. ಕೇಳಬೇಕಾದ್ದೂ ಅದನ್ನೇ. ಗೇಟಿನ ಬಾಯಲ್ಲಿ ಅಳೆದರೆ ಅಲ್ಲಿ ನೀರು ಸರಿಯಾಗಿರುತ್ತದೆ. ಕೊನೆಯಲ್ಲಿ ಅಳೆದರೆ ಮಾತ್ರ ಕೊನೆಗೆ ನೀರು ಮುಟ್ಟಿಸುವ ಒತ್ತಡ ಬರುತ್ತದೆ. ಎವಿಆರಿನ ಗೇಜು ನೆಟ್ಟಿರುವುದು ಜನರೇಟರಿನ ಬಾಯಲ್ಲಿ. ಹಾಗಾಗಿ ಅಲ್ಲಿ ವೋಲ್ಟೇಜನ್ನು ಅರ್ಧ ಪರ್ಸೆಂಟಿನೊಳಗೆ ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಏನಾಯಿತು ಅನ್ನುವುದು ಅದಕ್ಕೆ ಕಾಣದು. ಇವತ್ತು ನನಗೆ ಹೇಳಬೇಕಾದದ್ದು ಇಷ್ಟೇ: ಅಳತೆ ಎಲ್ಲಿದೆಯೋ ನಿಯಂತ್ರಣವೂ ಅಲ್ಲೇ ನಿಲ್ಲುತ್ತದೆ. ಆ ಅಳತೆಯೇ ಸುಳ್ಳಾದರೆ ಅಷ್ಟು ದೊಡ್ಡ ಯಂತ್ರವೂ ಸುಳ್ಳಿನ ಹಿಂದೆ ಓಡುತ್ತದೆ.

ಸುಳ್ಳಿನ ಮಾತು ಮೊದಲು. ಪಿಟಿಯ ಒಂದು ಫ್ಯೂಸ್ ಹೋಯಿತು ಅನ್ನಿ. ಜನರೇಟರಿನಲ್ಲಿ ವೋಲ್ಟೇಜು ಸರಿಯಾಗೇ ಇದೆ, ಆದರೆ ಕಾರ್ಡಿಗೆ ಮುಟ್ಟುತ್ತಿರುವುದು ಕಡಿಮೆ. ಎವಿಆರ್ ಏನು ಮಾಡೀತು? ವೋಲ್ಟೇಜ್ ಬಿದ್ದಿದೆ ಎಂದು ನಂಬಿ ಎಕ್ಸೈಟೇಶನ್ ಏರಿಸುತ್ತದೆ. ಫೀಡ್‌ಬ್ಯಾಕು ಬೇಕಾದಷ್ಟು ಏರುವುದಿಲ್ಲ, ಇದು ಇನ್ನೂ ಏರಿಸುತ್ತದೆ. ನಿಜವಾದ ವೋಲ್ಟೇಜು ಮಿತಿ ದಾಟುತ್ತದೆ, ಜನರೇಟರಿನ ಮತ್ತು ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಅಯಸ್ಕಾಂತೀಯವಾಗಿ ತುಂಬಿ ತುಳುಕಿ ಕಾಯುತ್ತದೆ. ಕೆಟ್ಟದ್ದು ಪೈಸೆ ಬೆಲೆಯ ಫ್ಯೂಸು, ಸುಡುವುದು ಕೋಟಿಯ ಯಂತ್ರ. ಇದಕ್ಕೇ ಎರಡು ಪಿಟಿ ಸೆಟ್ ಇಟ್ಟು ಎರಡನ್ನೂ ಹೋಲಿಸಿ ನೋಡುತ್ತಾರೆ. ಒಂದು ಸೆಟ್ ಒಂದು ಹೇಳಿ ಇನ್ನೊಂದು ಬೇರೆಯೇ ಹೇಳಿದರೆ ಎವಿಆರ್ ತಕ್ಷಣ ಮ್ಯಾನ್ಯುಅಲ್‌ಗೆ ಹೋಗುತ್ತದೆ. ಆಗ ವೋಲ್ಟೇಜನ್ನು ಹಿಡಿಯುವ ಪ್ರಯತ್ನ ಬಿಟ್ಟು, ಅದಕ್ಕೆ ಮೊದಲಿದ್ದ ಎಕ್ಸೈಟೇಶನ್ ಕರೆಂಟನ್ನು ಹಾಗೇ ಹಿಡಿದು ಕೂರುತ್ತದೆ. ಯಾವ ಮಾತು ನಂಬಬೇಕೋ ತಿಳಿಯದಾಗ ಸುಮ್ಮನಿರುವ ಈ ನಡತೆಯನ್ನು ಯಾರೋ ಬಹಳ ಯೋಚಿಸಿ ಬರೆದಿದ್ದಾರೆ.

ಹೋದ ಫ್ಯೂಸು ಪರವಾಗಿಲ್ಲ, ಸಿಕ್ಕಿಬೀಳುತ್ತದೆ. ಅರ್ಧ ಕೆಟ್ಟದ್ದು ಕಾಡುತ್ತದೆ. ಒಂದು ಸ್ಥಾವರ, ಹೆಸರು ಬೇಡ. ರಿಯಾಕ್ಟಿವ್ ಪವರ್ ತೋರಿಸುವ ಮೆಗಾವಾರ್ ಮೀಟರಿನ ಮುಳ್ಳು ಆಗಾಗ ಕಾರಣವಿಲ್ಲದೆ ಕುಣಿಯುತ್ತಿತ್ತು, ಮತ್ತೆ ತಾನೇ ಸುಮ್ಮನಾಗುತ್ತಿತ್ತು. ಕಾರ್ಡ್ ಬದಲಿಸಿ ಎಂದು ಎಲ್ಲರೂ ಅಂದರು, ಬದಲಿಸಿದ್ದೂ ಆಯಿತು, ಕುಣಿತ ನಿಲ್ಲಲಿಲ್ಲ. ಕೊನೆಗೆ ಒಬ್ಬ ಹಳೆಯ ಟೆಕ್ನಿಶಿಯನ್ ಎರಡು ಮೀಟರು ತಂದ. ಒಂದನ್ನು ಫ್ಯೂಸಿನ ಈಚೆಗೆ, ಇನ್ನೊಂದನ್ನು ಆಚೆಗೆ ಹಚ್ಚಿ, ಸ್ಟೂಲ್ ಹಾಕಿಕೊಂಡು ಕೂತ. ಊಟದ ಹೊತ್ತಿಗೆ ಒಂದು ಮೀಟರು ಮೂರು ವೋಲ್ಟ್ ಇಳಿದು ಮತ್ತೆ ಏರಿತು, ಇನ್ನೊಂದು ಅಲ್ಲಾಡಲಿಲ್ಲ. ಫ್ಯೂಸು ಗಟ್ಟಿಯಾಗೇ ಇತ್ತು. ಅದನ್ನು ಕಚ್ಚಿ ಹಿಡಿಯುವ ಕ್ಲಿಪ್ಪಿನ ಬಿಗಿ ಹೋಗಿತ್ತು, ಪಕ್ಕದ ಪಂಪ್ ಶುರುವಾಗಿ ಪ್ಯಾನೆಲ್ ನಡುಗಿದಾಗ ಅದು ಸಡಿಲುತ್ತಿತ್ತು. ಕಾರ್ಡು ಅದುವರೆಗೆ ಕಂಡದ್ದನ್ನು ಕಂಡಂತೆಯೇ ಹೇಳುತ್ತಿತ್ತು. ಆ ಟೆಕ್ನಿಶಿಯನ್ನಿಗೆ ಸಿಕ್ಕ ಬಹುಮಾನ ಒಂದು ಚಹಾ.

ಗ್ಯಾಸ್ ಟರ್ಬೈನಿನವರು ಅಳತೆಯ ಮೇಲಿನ ಈ ಅನುಮಾನವನ್ನು ಇನ್ನೂ ಮುಂದೆ ಒಯ್ದರು. ಜನರಲ್ ಎಲೆಕ್ಟ್ರಿಕ್‌ನ ಸ್ಪೀಡ್‌ಟ್ರಾನಿಕ್ ಮಾರ್ಕ್ ಫೈವ್ ಎಂಬ ಕಂಟ್ರೋಲಿನಲ್ಲಿ ಆರ್, ಎಸ್, ಟಿ ಎಂದು ಮೂರು ಬೇರೆ ಬೇರೆ ಕಂಪ್ಯೂಟರು ಒಂದೇ ಲೆಕ್ಕವನ್ನು ಮಾಡುತ್ತವೆ. ಮೂರರಲ್ಲಿ ಎರಡು ಒಪ್ಪಿದ್ದನ್ನೇ ನಂಬುವುದು. ಒಂದು ಕೆಟ್ಟರೂ ಟರ್ಬೈನು ನಿಲ್ಲದೆ ಓಡುತ್ತದೆ. ಸಕ್ಕರೆ ಕಾರ್ಖಾನೆಗಳ ಸಣ್ಣ ಹಬೆ ಟರ್ಬೈನುಗಳಿಗೆ ಇಷ್ಟೆಲ್ಲ ಬೇಕಿಲ್ಲ. ಬೆಂಗಳೂರಿನ ತ್ರಿವೇಣಿ ಟರ್ಬೈನ್ಸ್‌ನಂಥವರು ಕಟ್ಟುವ ಆ ಯಂತ್ರಗಳಲ್ಲಿಯೂ ತತ್ವ ಮಾತ್ರ ಇದೇ.

ಇತಿಹಾಸವನ್ನು ಓಡುನಡಿಗೆಯಲ್ಲಿ ಮುಗಿಸುತ್ತೇನೆ. ಜೇಮ್ಸ್ ವಾಟ್ ತಿರುಗುವ ಗುಂಡುಗಳ ಗವರ್ನರನ್ನು ಹಬೆ ಇಂಜಿನ್ನಿಗೆ ಕಟ್ಟಿದ್ದು 1788ರಲ್ಲಿ. ಅದು ಕೆಲವೊಮ್ಮೆ ಯಾಕೆ ಹುಚ್ಚೆದ್ದು ಮೇಲೆ ಕೆಳಗೆ ಆಡುತ್ತದೆ ಎಂದು ಗಣಿತ ಹಾಕಿ ತೋರಿಸಿದ್ದು ಮ್ಯಾಕ್ಸ್‌ವೆಲ್, 1868ರಲ್ಲಿ. ವರದಿ ತಡವಾಗಿ ಬಂದರೆ, ಅಥವಾ ಬಂದ ವರದಿಗೆ ಅತಿಯಾಗಿ ಎಗರಿಬಿದ್ದರೆ, ತಿದ್ದುವ ಕೈಯೇ ಕೆಡಿಸುತ್ತದೆ ಅನ್ನುವುದು ಅದರ ಸಾರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೊಮೀಟರ್ ತಂತಿ ಎಳೆದು ಕರೆಂಟ್ ಒಯ್ದರು. ಆಗ ರಾಯಚೂರು ನಿಜಾಮರದು, ಆ ಸಂಭ್ರಮ ನಮ್ಮದಾಗಿರಲಿಲ್ಲ. ಆ ಕಾಲದ ವೋಲ್ಟೇಜ್ ರೆಗ್ಯುಲೇಟರುಗಳಲ್ಲಿ ಕಾರ್ಡೂ ಇಲ್ಲ, ಟ್ರಾನ್ಸಿಸ್ಟರೂ ಇಲ್ಲ, ಸ್ಪ್ರಿಂಗಿನ ಮೇಲೆ ಟಕಟಕ ಕುಣಿಯುವ ಕಾಂಟ್ಯಾಕ್ಟುಗಳು ಇದ್ದವು. ಕಾರ್ಡು ಬಂದದ್ದು ಬಹಳ ತಡವಾಗಿ.

ನಮ್ಮ ಜಿಲ್ಲೆಗೆ ಈ ಇತಿಹಾಸದಲ್ಲಿ ದೊಡ್ಡ ಪಾಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ದಕ್ಷಿಣದ ನಾಲ್ಕು ರಾಜ್ಯಗಳ ಗ್ರಿಡ್ಡು ಉಳಿದ ದೇಶದ ಜೊತೆ ಒಂದೇ ತಾಳದಲ್ಲಿ ಇರಲಿಲ್ಲ. ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ಡಿಸಿ ಲೈನಿನಂಥವುಗಳ ಮೂಲಕ ಕೊಡುಕೊಳ್ಳುವಿಕೆ ಇತ್ತು, ಆದರೆ ಫ್ರೀಕ್ವೆನ್ಸಿ ಬೇರೆ ಬೇರೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಆಮೇಲೆ ಪೂರ್ವ, ಈಶಾನ್ಯದ ಗ್ರಿಡ್ಡುಗಳು ಬಿದ್ದು ಅರವತ್ತು ಕೋಟಿ ಜನ ಕತ್ತಲಲ್ಲಿ ಕೂತಾಗ ನಾವು ಫ್ಯಾನ್ ಕೆಳಗೆ ಇದ್ದದ್ದು ಅದೇ ಕಾರಣಕ್ಕೆ. 2013ರ ಡಿಸೆಂಬರ್ 31ರ ರಾತ್ರಿ ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಲೈನನ್ನು ಸೇರಿಸಿದರು. ದೇಶ ಒಂದೇ ಗ್ರಿಡ್ ಆಯಿತು. ಎರಡು ಕಡೆಯ ವೋಲ್ಟೇಜು ಹತ್ತಿರ ಹತ್ತಿರ ಬಂದು, ಫ್ರೀಕ್ವೆನ್ಸಿ ಕೂಡಿ, ಅಲೆಯ ಏರಿಳಿತ ಒಂದಕ್ಕೊಂದು ಹೊಂದುವ ಗಳಿಗೆ ನೋಡಿ ಬ್ರೇಕರ್ ಮುಚ್ಚಬೇಕು. ಆ ಗಳಿಗೆಯನ್ನು ಹೇಳುವುದು ಎರಡೂ ಕಡೆಯ ಪಿಟಿ. ಇಡೀ ದಕ್ಷಿಣವನ್ನು ಇಡೀ ಉತ್ತರಕ್ಕೆ ಸೇರಿಸುವಾಗಲೂ ನಿರ್ಧಾರ ನಿಂತದ್ದು ನೂರಹತ್ತು ವೋಲ್ಟಿನ ಎರಡು ಜೊತೆ ತಂತಿಗಳ ಮಾತಿನ ಮೇಲೆ. ಹೊಸ ವರ್ಷದ ಪಟಾಕಿಯ ಗದ್ದಲದಲ್ಲಿ ರಾಯಚೂರಿನಲ್ಲಿ ಇದನ್ನು ಎಷ್ಟು ಮಂದಿ ಗಮನಿಸಿದರೋ!

ಇನ್ನು ಕಾರ್ಡಿಗೆ ವಯಸ್ಸಾಗುವ ಮಾತು. ರೆಸಿಸ್ಟರು, ಚಿಪ್ಪು ಬಹಳ ಕಾಲ ಬಾಳುತ್ತವೆ. ಮೊದಲು ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರು, ಒಳಗಿನ ದ್ರವ ಒಣಗುತ್ತದೆ. ಹತ್ತು ಡಿಗ್ರಿ ಶಾಖ ಹೆಚ್ಚಾದರೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಮೇ ತಿಂಗಳ ರಾಯಚೂರಿನಲ್ಲಿ ಆ ಕೋಣೆಯ ಎಸಿ ಒಂದು ದಿನ ನಿಂತರೆ ಏನಾದೀತು, ನೀವೇ ಲೆಕ್ಕ ಹಾಕಿ. ಎಸಿ ನೌಕರರಿಗಲ್ಲ, ಕಾರ್ಡಿಗೆ ಎಂದು ನಾವು ನಗಾಡುತ್ತಿದ್ದೆವು. ಜೊತೆಗೆ ಬೂದಿ. ನೂರು ಕೆಜಿ ನಮ್ಮ ದೇಶದ ಕಲ್ಲಿದ್ದಲು ಸುಟ್ಟರೆ ಮೂವತ್ತು, ನಲವತ್ತು ಕೆಜಿ ಬೂದಿಯೇ. ಎಷ್ಟು ಬಾಗಿಲು ಹಾಕಿದರೂ ನುಣುಪು ಧೂಳು ಕನೆಕ್ಟರಿನ ಸಂದಿ ಸೇರುತ್ತದೆ, ಮಳೆಗಾಲದ ತೇವ ಹಿಡಿದರೆ ಅದೇ ಕರೆಂಟ್ ಸೋರುವ ದಾರಿಯಾಗುತ್ತದೆ. ಆಮೇಲೆ ಕಾರ್ಡೇ ಸಿಗದಿರುವ ಸಮಸ್ಯೆ. ಮೂವತ್ತು ವರ್ಷ ಓಡುವ ಟರ್ಬೈನಿಗೆ ಹದಿನೈದು ವರ್ಷದಲ್ಲಿ ತಯಾರಿ ನಿಲ್ಲುವ ಕಾರ್ಡು! ಕಂಪನಿ ಪೂರ್ತಿ ಹೊಸ ಸಿಸ್ಟಮ್ ಹಾಕಿಸಿ ಅನ್ನುತ್ತದೆ. ಸ್ಥಾವರದವರು ರಿಪೇರಿ ಮಾಡಿದ ಹಳೆ ಕಾರ್ಡು ಹುಡುಕುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಸಿಗುತ್ತದೆ, ಬೆಸುಗೆ ಹಾಕುವ ಕೈ ಸಿಗುವುದೇ ಕಷ್ಟ. ಕಾರ್ಡನ್ನು ಬೆಸೆಯಲು ಬರುವವನು ಈ ಜಿಲ್ಲೆಯಲ್ಲಿ ಹಸಿದುಕೊಂಡು ಇರಬೇಕಾಗಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಈಗೀಗ ಈ ಕಾರ್ಡುಗಳ ದಿನಚರಿಯೂ ಬದಲಾಗಿದೆ. ಪಾವಗಡದಂಥ ಸೋಲಾರ್ ಪಾರ್ಕುಗಳು ಬಂದ ಮೇಲೆ ಹಗಲು ಹೊತ್ತು ಕಲ್ಲಿದ್ದಲಿನ ಘಟಕ ತಗ್ಗಬೇಕು, ಸಂಜೆಗೆ ಏರಬೇಕು. ಪೂರ್ತಿ ಲೋಡಿನಲ್ಲಿ ವರ್ಷಗಟ್ಟಲೆ ಒಂದೇ ಹದದಲ್ಲಿ ಓಡಲೆಂದು ಮಾಡಿದ ಯಂತ್ರವನ್ನು 40 ಪರ್ಸೆಂಟಿನವರೆಗೆ ಇಳಿಸುವಂತಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ ಹೇಳುತ್ತದೆ. ಲೈನುಗಳಲ್ಲಿ ಲೋಡು ಕಡಿಮೆಯಾದಾಗ ಗ್ರಿಡ್ಡಿನ ವೋಲ್ಟೇಜು ತಾನೇ ಉಬ್ಬುತ್ತದೆ, ಎವಿಆರ್ ಎಕ್ಸೈಟೇಶನ್ನನ್ನು ಕೆಳಗಿನ ಮಿತಿಯವರೆಗೂ ಇಳಿಸಿ ಅದನ್ನು ತಗ್ಗಿಸಬೇಕಾಗುತ್ತದೆ. ಆ ಅಂಚಿನಲ್ಲಿ ಫೀಡ್‌ಬ್ಯಾಕು ಒಂದು ಪರ್ಸೆಂಟ್ ತಪ್ಪು ಹೇಳಿದರೂ ಯಂತ್ರ ತಾಳ ತಪ್ಪಬಹುದು. ಹಿಂದೆ ನಡೆದುಹೋಗುತ್ತಿದ್ದ ಸಣ್ಣ ಸುಳ್ಳು ಈಗ ನಡೆಯುವುದಿಲ್ಲ.

ಕೊನೆಭಾಗಕ್ಕೆ ಬರುತ್ತೇನೆ, ಕಾಲುವೆಯದಲ್ಲ, ಕರೆಂಟಿನದು. ಜನರೇಟರಿನ ಬಾಯಲ್ಲಿ ಅರ್ಧ ಪರ್ಸೆಂಟಿನ ಹದ, ಸರಿ. ಅದು 220, 400 ಕಿಲೊವೋಲ್ಟಿಗೇರಿ, ಸ್ಟೇಷನ್ನುಗಳಲ್ಲಿ ಇಳಿದು, 11 ಕಿಲೊವೋಲ್ಟ್ ಫೀಡರಿನಲ್ಲಿ ಹೊಲದ ಟ್ರಾನ್ಸ್‌ಫಾರ್ಮರಿಗೆ, ಅಂದರೆ ಟಿಸಿಗೆ ಬಂದು, ಅಲ್ಲಿಂದ ಜೋತಾಡುವ ತಂತಿಯಲ್ಲಿ ಮೋಟರಿಗೆ ಬರುತ್ತದೆ. ದಾರಿಯಲ್ಲಿ ಟ್ಯಾಪ್ ಬದಲಿಸುವ ಟ್ರಾನ್ಸ್‌ಫಾರ್ಮರುಗಳಿವೆ, ಅವಕ್ಕೂ ಅವವುಗಳದೇ ಅಳತೆ ಇದೆ. ಆದರೆ ಸಬ್‌ಸ್ಟೇಷನ್ ದಾಟಿದ ಮೇಲೆ ಯಾರ ಕಣ್ಣೂ ಇಲ್ಲ. ತ್ರೀ ಫೇಸ್ ಬಂದ ಕೂಡಲೇ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದಾಗ ಕೊನೆಯ ಹೊಲದಲ್ಲಿ ಎಷ್ಟಿರುತ್ತದೆ? "ಕರೆಂಟ್ ಬಂದೈತ್ರಿ, ಮೋಟ್ರು ಎಳಿವಲ್ದು" ಅನ್ನುವ ಮಾತೇ ಅಲ್ಲಿನ ಫೀಡ್‌ಬ್ಯಾಕು. ಮೋಟರಿನ ತಗಡಿನ ಮೇಲೆ 415 ವೋಲ್ಟ್ ಎಂದಿರುತ್ತದೆ. ಕೆಳ ಒತ್ತಡದ ಲೈನಿನಲ್ಲಿ ಆರು ಪರ್ಸೆಂಟ್‌ಗಿಂತ ಹೆಚ್ಚು ಏರುಪೇರು ಇರಬಾರದು ಎನ್ನುವುದು ಹಳೆಯ ನಿಯಮ, ಅಂದರೆ 390ಕ್ಕಿಂತ ಕೆಳಗೆ ಹೋಗಬಾರದು. 332ಕ್ಕೆ ಬಿದ್ದರೆ ವೋಲ್ಟೇಜಿನ ಐದನೇ ಒಂದು ಪಾಲು ಹೋಯಿತು, ಆದರೆ ಮೋಟರಿನ ಎಳೆಯುವ ಬಲದಲ್ಲಿ ಮೂರನೇ ಒಂದು ಪಾಲಿಗೂ ಮೇಲೆ ಹೋಗಿರುತ್ತದೆ, ಯಾಕೆಂದರೆ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ಬಲ ಸಾಲದೆ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ. ಆಮೇಲೆ ರಿವೈಂಡಿಂಗ್ ಅಂಗಡಿ, ಆಮೇಲೆ ಸಾಲ.

ಶಕ್ತಿನಗರದ ಎವಿಆರಿಗೆ ನಿಮ್ಮ ಹೊಲ ಕಾಣಿಸುವಂತೆ ಮಾಡಲು ಆಗದು, ಮಾಡಲೂ ಬಾರದು. ಒಂದೊಂದು ಹೊಲದ ಮಾತು ಕೇಳಿ ಜನರೇಟರು ಕುಣಿದರೆ ಗ್ರಿಡ್ಡೇ ಬೀಳುತ್ತದೆ. ಆದರೆ ಫೀಡರಿನ ಕೊನೆಯ ಟಿಸಿಯಲ್ಲಿ ಒಂದು ವೋಲ್ಟೇಜ್ ದಾಖಲಿಸುವ ಪೆಟ್ಟಿಗೆ ಇಡುವುದು ಈಗ ದೊಡ್ಡ ಖರ್ಚಲ್ಲ. ಅದು ಬರುವವರೆಗೆ ನೀವೇ ಅಳೆಯಬಹುದು. ಕಡಿಮೆ ವೋಲ್ಟೇಜಿನ ದೂರಿಗೆ ಕಾಲಮಿತಿಯಿದೆ, ತಪ್ಪಿದರೆ ಪರಿಹಾರವಿದೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮದಲ್ಲೇ ಇದು ಬರೆದಿದೆ. ಕರೆಂಟ್ ಹಂಚುವ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿನಲ್ಲಿ "ವೋಲ್ಟೇಜ್ ಇಲ್ಲ" ಎಂದರೆ ಅದು ಬರೀ ಮಾತಾಗಿ ಗಾಳಿಗೆ ಹೋಗುತ್ತದೆ. ತಾರೀಖು, ಗಂಟೆ, ಟಿಸಿಯ ನಂಬರು, ಅಂಕಿ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಅಳೆಯುವ ಕೆಲಸ ಮಾತ್ರ ಗೊತ್ತಿದ್ದವರಿಂದಲೇ ಮಾಡಿಸಿ, ಒದ್ದೆ ಕಾಲಲ್ಲಿ ಸ್ಟಾರ್ಟರ್ ಡಬ್ಬಿ ತೆರೆಯಬೇಡಿ. ಎಲೆಕ್ಟ್ರಿಶಿಯನ್ನಿಗೆ ಎರಡು ಮಾತು ಹೇಳಿ. ಆರ್–ವೈ, ವೈ–ಬಿ, ಬಿ–ಆರ್ ಮೂರೂ ಜೋಡಿ ಅಳೆಯಲಿ, ಒಂದೇ ಅಳೆದು ಬಿಡಬಾರದು. ಮತ್ತು ಮೋಟರು ನಿಂತಾಗ ಅಳೆಯಬಾರದು, ನಿಂತಾಗ ಎಲ್ಲ ಲೈನಿನಲ್ಲೂ ವೋಲ್ಟೇಜ್ ಇರುತ್ತದೆ. ಮೋಟರು ಓಡುತ್ತಿರುವಾಗ, ಅಕ್ಕಪಕ್ಕದ ಹೊಲದವೂ ಓಡುತ್ತಿರುವಾಗ ಅಳೆಯಲಿ.